ಕೇಸರ ಕಿತ್ತ ದಾಸವಾಳ

ನಮ್ಮತ್ತೆಯ ಕೈಯಿಂದ ಒಂದೇ ಒಂದು ಇಡೀ ದಾಸವಾಳ ದೇವರ ತಲೆಗೆ ಏರಿದ್ದನ್ನು ಯಾರಾದರೂ ತೋರಿಸಿಕೊಟ್ಟರೆ ನನ್ನ ಬಿ.ಎಡ್. ಸರ್ಟಿಫಿಕೇಟನ್ನು ಅವರಿಗೇ ಬರೆದುಕೊಡುತ್ತೇನೆ! ತಮಾಷೆಗೆ ಹೇಳುತ್ತಿಲ್ಲ, ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಮದುವೆಯಾಗಿ ಹೊನ್ನಾಳಿಯ ಈ ಮನೆಗೆ ಬಂದ ಮೊದಲ ವಾರ, ದೀಪ ಹಚ್ಚಲೆಂದು ದೇವರ ಕೋಣೆಗೆ ಹೋದವಳು ದಂಗಾಗಿ ನಿಂತಿದ್ದೆ. ತಟ್ಟೆಯ ತುಂಬ ಕೆಂಪು ದಾಸವಾಳ. ಎಸಳು ಇದೆ, ತೊಟ್ಟು ಇದೆ, ಆದರೆ ಹೂವಿನ ನಡುವಿನಿಂದ ಉದ್ದಕ್ಕೆ ಚಾಚಿಕೊಂಡಿರುತ್ತದಲ್ಲ, ಹಳದಿ ಪುಡಿ ಮೆತ್ತಿದ ಕೊಳವೆ, ಅದು ಒಂದರಲ್ಲೂ ಇಲ್ಲ. ಸುಲಿದು ತೆಗೆದುಬಿಟ್ಟಿದ್ದಾರೆ! ಒಳಗಿನ ಸಣ್ಣ ಬಿಳಿ ಎಳೆ, ಅದರ ತುದಿಯ ಐದು ಕೆಂಪು ಚುಕ್ಕಿ ಮಾತ್ರ ಉಳಿದು ನನ್ನನ್ನೇ ನೋಡುತ್ತಿದ್ದವು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಪಾಠದ ಭಾಷೆಯಲ್ಲಿ ಹೇಳುವುದಾದರೆ ಗಂಡು ಭಾಗ ಕೇಸರ ಹೋಗಿ ಹೆಣ್ಣು ಭಾಗ ಶಲಾಕೆ ಉಳಿದಿತ್ತು. ಊರ ಭಾಷೆಯಲ್ಲಿ ಹೇಳುವುದಾದರೆ, ಹೋರಿಗೆ ಬೀಜ ಒಡೆಸುತ್ತಾರಲ್ಲ, ಅದೇ ಕೆಲಸವನ್ನು ನಮ್ಮತ್ತೆ ಹೂವಿಗೆ ಮಾಡಿ ಶಿವನಿಗೆ ಏರಿಸುತ್ತಿದ್ದರು.

ಯಾಕೆ ಹೀಗೆ ಅಂತ ಕೇಳಿದೆ. ಅವರು ತಮ್ಮ ಬಲಗೈ ಹೆಬ್ಬೆರಳನ್ನು ನೋಡಿಕೊಂಡು, ಅಯ್ಯೋ, ಕಿತ್ತೆನಾ, ಅಂದರು. ಅವರಿಗೇ ಗೊತ್ತಿಲ್ಲ!

ಅವರ ಊರು ಜಗಳೂರಿನ ಕಡೆ. ಹದಿನೈದನೇ ವಯಸ್ಸಿನಿಂದ ಸೊಸೆ ಬರುವ ಹಿಂದಿನ ವರ್ಷದವರೆಗೂ ಅವರು ಮಾಡಿದ್ದು ಒಂದೇ ಕೆಲಸ, ಹತ್ತಿ ಹೊಲದಲ್ಲಿ ಕ್ರಾಸಿಂಗ್. ಹೈಬ್ರಿಡ್ ಬೀಜ ಅಂಗಡಿಯಲ್ಲಿ ತಾನಾಗಿ ಹುಟ್ಟುತ್ತದೆ ಅಂದುಕೊಂಡಿರುವ ಪುಣ್ಯಾತ್ಮರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಹೊಲದಲ್ಲಿ ಗಂಡು ಸಾಲು ಬೇರೆ, ಹೆಣ್ಣು ಸಾಲು ಬೇರೆ. ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿಗೆ ಇಳಿದು, ನಾಳೆ ಅರಳಲಿರುವ ಮೊಗ್ಗನ್ನು ಗುರುತು ಹಿಡಿದು, ಹೆಬ್ಬೆರಳಿನ ಉಗುರಿನಿಂದ ಬುಡದಲ್ಲಿ ಒಂದು ಸುತ್ತು ಗೀರಿ, ಎಸಳು ಕೇಸರ ಎರಡನ್ನೂ ಕುಲಾವಿ ತೆಗೆದಂತೆ ಒಟ್ಟಿಗೆ ಎತ್ತಿಬಿಡಬೇಕು. ಶಲಾಕೆಗೆ ಉಗುರು ತಾಗಬಾರದು. ತಾಗಿದರೆ ಆ ಹೂವು ಕೆಟ್ಟಿತು. ಮರುದಿನ ಬೆಳಿಗ್ಗೆ ಗಂಡು ಸಾಲಿನಿಂದ ಹೂವು ಕಿತ್ತು ತಂದು, ಅದರ ಧೂಳನ್ನು ಈ ಶಲಾಕೆಯ ತುದಿಗೆ ಸವರಿ, ಗುರುತಿಗೆ ತೊಟ್ಟಿಗೊಂದು ಕೆಂಪು ದಾರ ಕಟ್ಟಬೇಕು. ಜೇನುಹುಳ ಬಿಟ್ಟಿಯಾಗಿ ಮಾಡುವ ಕೆಲಸವನ್ನು ಇವರು ಮೂವತ್ತು ವರ್ಷ ಬಗ್ಗಿ ಬಗ್ಗಿ ಮಾಡಿದರು. ಮಗ ಹೊನ್ನಾಳಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟ ಮೇಲೆ ಹೊಲ ಬಿಟ್ಟರು. ಉಗುರು ಮಾತ್ರ ಬಿಡಲಿಲ್ಲ. ಈಗಲೂ ಒಂಬತ್ತು ಬೆರಳಿನ ಉಗುರು ಕತ್ತರಿಸುತ್ತಾರೆ, ಹತ್ತನೆಯದನ್ನು ಸಾಕುತ್ತಾರೆ!

ಆ ಉಗುರಿನಿಂದ ನಾನು ಅನುಭವಿಸಿದ್ದನ್ನು ಕೇಳಿ. ನಲ್ಲೂರಿನಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ಬೀಗರ ಕಡೆಯವರು ಅಂತ ಅತ್ತೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಪಕ್ಕದ ಕುರ್ಚಿಯ ಮೇಲೆ ಯಾರೋ ಪೇಟೆಯ ನೆಂಟರು ತಂದ ಹೂಗುಚ್ಛ, ಅದರಲ್ಲಿ ದೊಡ್ಡ ದೊಡ್ಡ ಬಿಳಿ ಲಿಲ್ಲಿ ಹೂವು. ಮುಹೂರ್ತಕ್ಕೆ ಹೊತ್ತಿತ್ತು. ಬರಿಗೈಯಲ್ಲಿ ಕೂತು ಗೊತ್ತಿಲ್ಲದ ಹೆಂಗಸು, ಏನು ಮಾಡಿರಬಹುದು ಹೇಳಿ? ಒಂದೊಂದು ಲಿಲ್ಲಿಯಲ್ಲೂ ಆರಾರು ಕೇಸರ. ಒಂದನ್ನೂ ಉಳಿಸಲಿಲ್ಲ. ಲಿಲ್ಲಿಯ ಪರಾಗದ ಬಣ್ಣ ಗೊತ್ತಲ್ಲ, ತುಕ್ಕಿನ ಬಣ್ಣ, ಮುಟ್ಟಿದರೆ ಬಿಡುವುದಿಲ್ಲ. ಅದೇ ಕೈಯಲ್ಲಿ ಎದ್ದು ಹೋಗಿ ಅಕ್ಷತೆ ಹಾಕಿ, ಮದುಮಗನ ಬಿಳಿ ಜುಬ್ಬಾದ ಹೆಗಲು ತಟ್ಟಿ, ಚೆನ್ನಾಗಿ ಬಾಳಪ್ಪ ಅಂದರು. ಮದುವೆಯ ಆಲ್ಬಮ್ಮಿನ ಪ್ರತಿ ಫೋಟೋದಲ್ಲೂ ಮದುಮಗನ ಹೆಗಲ ಮೇಲೆ ಐದು ಬೆರಳು ಹಾಗೇ ಮೂಡಿವೆ, ಯಾರೋ ಹೊಡೆದು ಕರೆತಂದ ಹಾಗೆ! ನಮ್ಮಮ್ಮ ನನ್ನ ಜೊತೆ ಒಂದು ತಿಂಗಳು ಮಾತು ಬಿಟ್ಟಳು. ನಾನೇನು ಮಾಡಿದ್ದೆ? ಅತ್ತೆಗೆ ಹೇಳಿದರೆ, ಮದುವೆ ಗಂಡಿನ ಮೇಲೆ ಹೂವಿನ ಧೂಳು ಬಿದ್ದರೆ ಒಳ್ಳೆಯದೇ ಅಲ್ಲವಾ ಅಂತ ನನ್ನನ್ನೇ ತಿರುಗಿ ಕೇಳಿದರು.

ಇದು ಸಾಲದು ಅಂತ ಬೆಂಡೆ ಗಿಡದ ಪ್ರಕರಣ. ಹತ್ತಿ, ಬೆಂಡೆ, ದಾಸವಾಳ ಮೂರೂ ಒಂದೇ ಕುಟುಂಬದ ಗಿಡಗಳು ಅಂತ ನಾನು ಪುಸ್ತಕ ಓದಿ ತಿಳಿದುಕೊಂಡೆ. ಅತ್ತೆ ಹೂವಿನ ಹೊಟ್ಟೆ ಬಗೆದು ತಿಳಿದುಕೊಂಡಿದ್ದರು. ಮೂರೂ ಅಕ್ಕತಂಗಿಯರು, ಒಂದೇ ಮೂಗು, ಅನ್ನುತ್ತಿದ್ದರು. ಪಕ್ಕದ ಮನೆಯಾಕೆ ಕಾಂಪೌಂಡಿನ ಪಕ್ಕ ಹತ್ತು ಬೆಂಡೆ ಗಿಡ ಹಾಕಿದ್ದರು, ಹಳದಿ ಹೂವು ಬಿಟ್ಟಿತ್ತು. ಮಧ್ಯಾಹ್ನ ನಾನು ಶಾಲೆಯಲ್ಲಿ, ಆಕೆ ನಿದ್ದೆಯಲ್ಲಿ. ಅತ್ತೆ ಕಾಂಪೌಂಡಿನಾಚೆ ಕೈ ಚಾಚಿ, ಐದು ಗಿಡದ ಮೊಗ್ಗು ಬಿಡಿಸಿ, ಮರುದಿನ ಬೆಳಿಗ್ಗೆ ನಮ್ಮ ಹಿತ್ತಲಿನ ಬೆಂಡೆಯ ಧೂಳು ಸವರಿ, ಪದ್ಧತಿಯಂತೆ ಕೆಂಪು ದಾರ ಕಟ್ಟಿಬಂದರು.

ಪಕ್ಕದ ಮನೆಯಾಕೆ ಎದ್ದು ನೋಡಿದರೆ ಅರ್ಧ ಬೆಂಡೆ ಗಿಡಕ್ಕೆ ಕೆಂಪು ದಾರ! ಆಕೆ ಏನೆಂದುಕೊಳ್ಳಬೇಕು? ಮಾಟ ಅಂದುಕೊಂಡರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಬೆಂಡೆ ಗಿಡದ ಸುತ್ತ ನಿಂಬೆಹಣ್ಣು ಕೊಯ್ದು, ಕರ್ಪೂರ ಹಚ್ಚಿ, ಯಾರನ್ನೋ ಕರೆಸಿ ಬೂದಿ ಹಾಕಿಸಿಯಾಗಿತ್ತು. ಬೀದಿಯವರೆಲ್ಲ ಸೇರಿದ್ದರು. ನಾನು ಕಾಂಪೌಂಡಿನ ಈಚೆ ನಿಂತು, ವ್ಯಾನಿಟಿ ಬ್ಯಾಗೂ ಇಳಿಸದೆ, ಪರಾಗಸ್ಪರ್ಶ ಅಂದರೆ ಏನು ಅಂತ ಹತ್ತು ನಿಮಿಷ ಪಾಠ ಮಾಡಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ಟೀಚರ್, ಓದಿದವರಾಗಿ ನೀವೂ ಹೀಗೆ ಮುಚ್ಚಿಹಾಕಬಾರದು, ಅಂದರು. ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು.

“ಮಾಟ ಮಾಡೋಳಾಗಿದ್ರೆ ನಿನ್ನ ಬೆಂಡೆಕಾಯಿಗೆ ಯಾಕೆ ಮಾಡ್ಲವ್ವಾ, ನಿನಗೇ ಮಾಡ್ತಿದ್ದೆ.”

ಆಮೇಲೆ ಎರಡು ವರ್ಷ ಆ ಮನೆಯಿಂದ ನಮಗೆ ಕರಿಬೇವಿನ ಒಂದು ಎಲೆಯೂ ಬರಲಿಲ್ಲ.

ಇನ್ನು ಶಾಲೆ. ನಮ್ಮ ಶಾಲೆಯಲ್ಲಿ ಹೂವಿನ ಪಾಠ ಹೇಳುವುದಕ್ಕೆ ಒಂದು ಸಂಪ್ರದಾಯವಿತ್ತು. ಪುಷ್ಪಪತ್ರ, ಹೂವಿನ ಮೊಗ್ಗನ್ನು ಕಾಪಾಡುತ್ತದೆ ಅಂತ ಗಟ್ಟಿ ದನಿಯಲ್ಲಿ ಹೇಳುವುದು. ದಳ, ಬಣ್ಣದಿಂದ ಕೀಟಗಳನ್ನು ಕರೆಯುತ್ತದೆ ಅಂತ ಇನ್ನೂ ಗಟ್ಟಿಯಾಗಿ ಹೇಳುವುದು. ಕೇಸರಕ್ಕೆ ಬರುತ್ತಿದ್ದ ಹಾಗೆ ಗಂಟಲು ಸರಿಮಾಡಿಕೊಳ್ಳುವುದು. ಶಲಾಕೆಯ ಹೊತ್ತಿಗೆ ಮೇಷ್ಟ್ರ ಕಣ್ಣು ಕಿಟಕಿಯಾಚೆ. ಅಂಡಾಶಯ ಬಂದ ಕೂಡಲೇ, ಉಳಿದದ್ದನ್ನು ಮನೆಯಲ್ಲಿ ಓದಿಕೊಳ್ಳಿ! ನನಗಿಂತ ಮೊದಲಿದ್ದವರು ಹತ್ತು ವರ್ಷ ಹೀಗೇ ಹೇಳಿ ನಿವೃತ್ತರಾಗಿದ್ದರು. ಅಲ್ಲ ಸ್ವಾಮಿ, ಹೂವಿಗೇ ಇಲ್ಲದ ನಾಚಿಕೆ ಇವರಿಗೆ ಯಾಕೆ? ನಾನು ಹಾಗಲ್ಲ ಅಂತ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ತುಂಬ ಹೂವು ಬರೆದು, ಬಾಣದ ಗುರುತು ಹಾಕಿ ಹೇಳುತ್ತಿದ್ದೆ. ಹೆಮ್ಮೆಯೂ ಇತ್ತು.

ಆ ದಿನ ಊಟದ ಡಬ್ಬಿ ಮರೆತು ಹೋಗಿದ್ದೆ. ಅತ್ತೆ ತಂದವರು ಬಾಗಿಲಲ್ಲಿ ನಿಂತು ಬೋರ್ಡು ನೋಡಿದರು. ನೋಡಿದವರಿಗೆ ನನ್ನ ಚಿತ್ರ ಹಿಡಿಸಲಿಲ್ಲ. ಹೊರಗೆ ಧ್ವಜದ ಕಂಬದ ಹತ್ತಿರ ಗಿಡದ ತುಂಬ ದಾಸವಾಳ ಇಟ್ಟುಕೊಂಡು ಸುಣ್ಣದಲ್ಲಿ ಯಾಕೆ ಬರೆಯುತ್ತೀಯ ಅಂತ ಮಕ್ಕಳ ಮುಂದೆಯೇ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ನಲವತ್ತು ಮಕ್ಕಳು ಹೊರಗೆ! ಒಬ್ಬೊಬ್ಬರ ಕೈಗೂ ಒಂದೊಂದು ಹೂವು ಕೊಟ್ಟು, ಉಗುರು ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಅಂತ ಹೇಳಿ ಅವರ ಕೈಯಲ್ಲೇ ಬಿಡಿಸಿದರು. ಹಸಿರು ಕುಲಾವಿ ಇದು, ಮೊಗ್ಗಿಗೆ ಚಳಿ ಆಗದ ಹಾಗೆ. ಎಸಳು ಇದು, ಹುಳವನ್ನು ಊಟಕ್ಕೆ ಕರೆಯುವ ಎಲೆ. ಇದು ಧೂಳಿನ ಚೀಲ, ಗಂಡು. ಇದು ಕಡ್ಡಿ, ಇದರ ತುದಿ ಅಂಟಂಟು, ಮುಟ್ಟಿ ನೋಡಿ. ಬುಡದ ಚೀಲವನ್ನು ಉಗುರಿನಿಂದಲೇ ಸೀಳಿ ಒಳಗಿನ ಬಿಳಿ ಕಾಳುಗಳನ್ನು ಎಣಿಸಿ ತೋರಿಸಿದರು. ಕೊನೆಗೆ ಅಂದ ಮಾತು ನನಗೆ ಇನ್ನೂ ನೆನಪಿದೆ.

“ಧೂಳು ಬಿದ್ರಷ್ಟೇ ಸಾಲ್ದು ಮಕ್ಳಾ. ಈ ಕಡ್ಡಿ ಒಳಗೆ ದಾರಿ ಮಾಡ್ಕಂಡು ಬುಡದ ತನಕ ಇಳೀಬೇಕು. ಇಳಿದ್ರೇನೆ ಕಾಯಿ.”

ಮುಖ್ಯೋಪಾಧ್ಯಾಯರು ನನ್ನನ್ನು ಕೋಣೆಗೆ ಕರೆಸಿ, ಹುಡುಗಿಯರೂ ಇರುವ ಶಾಲೆ ಮೇಡಂ, ಸ್ವಲ್ಪ ಮರ್ಯಾದೆ ನೋಡಿಕೊಳ್ಳಿ, ಅಂದರು. ಹುಡುಗಿಯರಿರುವ ಶಾಲೆಯಾದ್ದರಿಂದಲೇ ಸರ್, ಅಂದೆ. ಅವರ ಮೇಲೂ ಸಿಟ್ಟು, ಅತ್ತೆಯ ಮೇಲೂ ಸಿಟ್ಟು. ಪರೀಕ್ಷೆಯಲ್ಲಿ ನಲವತ್ತಕ್ಕೆ ನಲವತ್ತು ಮಕ್ಕಳೂ ಚಿತ್ರ ಸರಿಯಾಗಿ ಬರೆದಿದ್ದರು. ಹೆಸರಿನ ಜಾಗದಲ್ಲಿ ಮಾತ್ರ ಎಲ್ಲರೂ ಧೂಳಿನ ಚೀಲ, ಅಂಟಿನ ಕಡ್ಡಿ, ಕಾಳಿನ ಚೀಲ ಅಂತ ಬರೆದಿದ್ದರು! ಪರಾಗಕೋಶ ಅಂತ ಬರೆದವನು ನಲವತ್ತೊಂದನೆಯವನು ಒಬ್ಬನೇ, ಅವನು ಆ ದಿನ ರಜೆ ಹಾಕಿದ್ದ.

ನಕ್ಕಿರಲ್ಲ? ನಗಿ. ಆದರೆ ನನ್ನ ನಿಜವಾದ ಸಿಟ್ಟು ಇದ್ದದ್ದು ಬೇರೆ ಕಡೆ. ಈಗ ಹೇಳುತ್ತೇನೆ.

ಮದುವೆಯಾಗಿ ಆರು ವರ್ಷವಾದರೂ ನನಗೆ ಮಕ್ಕಳಾಗಲಿಲ್ಲ. ವಿಶೇಷ ಏನಾದರೂ ಉಂಟಾ ಅಂತ ಕೇಳುವವರ ಮುಖ ನೀವು ನೋಡಬೇಕು. ಕಣ್ಣು ನೇರ ಹೊಟ್ಟೆಯ ಮೇಲೆ! ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ, ತರಕಾರಿ ಅಂಗಡಿಯಲ್ಲಿ ಕೇಳುತ್ತಾರೆ, ಪೋಷಕರ ಸಭೆಗೆ ಬಂದ ಪೋಷಕರು ತಮ್ಮ ಮಗನ ಅಂಕ ಬಿಟ್ಟು ನನ್ನ ಗರ್ಭದ ವಿಚಾರ ಕೇಳುತ್ತಾರೆ. ನಮ್ಮ ಮನೆಯವರನ್ನು ಒಬ್ಬರಾದರೂ ಕೇಳಿದ್ದುಂಟಾ? ಇಲ್ಲ. ಅವರು ತಮ್ಮ ಪಾಡಿಗೆ ಅಂಗಡಿಯಲ್ಲಿ ಕೂತು ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತಿದ್ದರು. ನಾನು ಶಿವಮೊಗ್ಗದ ಡಾಕ್ಟರು, ದಾವಣಗೆರೆಯ ಡಾಕ್ಟರು, ನಾಟಿ ಔಷಧ, ಒಂಬತ್ತು ಸೋಮವಾರದ ಉಪವಾಸ ಎಲ್ಲ ಮುಗಿಸಿದ್ದೆ. ಒಂದು ಚೀಲದ ತುಂಬ ಚೀಟಿಗಳಾಗಿದ್ದವು. ಅತ್ತೆ ಈ ವಿಷಯದಲ್ಲಿ ಯಾವತ್ತೂ ಬಾಯಿ ಬಿಟ್ಟವರಲ್ಲ. ಅದೂ ನನಗೆ ಸಿಟ್ಟೇ. ಹೂವಿನ ಸಂಸಾರವನ್ನೆಲ್ಲ ಬಗೆದು ನೋಡುವವರಿಗೆ ಸೊಸೆಯ ಕಷ್ಟ ಕಾಣುವುದಿಲ್ಲವಾ ಅಂತ.

ಒಂದು ಭಾನುವಾರ ಬೀರು ಒಪ್ಪ ಮಾಡುವಾಗ ಆ ಚೀಲ ಅವರ ಕೈಗೆ ಸಿಕ್ಕಿತು. ಓದಲು ಬಾರದವರು, ಒಂದೊಂದೇ ಚೀಟಿ ಎತ್ತಿ ಇದು ಯಾರದು, ಇದು ಯಾರದು ಅಂತ ಕೇಳಿದರು. ನಂದು, ನಂದು, ನಂದು ಅಂತ ಹೇಳುತ್ತಾ ಹೋದೆ. ಚೀಲ ಖಾಲಿಯಾಯಿತು.

“ಎಲ್ಲಾ ನಿಂದೇ ಅದಾವೆ. ಅವಂದು ಎಲ್ಲೈತೆ?”

ಅವರದು ಇಲ್ಲ ಅಂದೆ. ಪರೀಕ್ಷೆ ಮಾಡಿಸಿಕೊಳ್ಳಿ ಅಂದರೆ ಹೂಂ ಅನ್ನುತ್ತಾರೆ, ಹೋಗುವುದಿಲ್ಲ ಅಂದೆ. ಅತ್ತೆಯ ಮುಖ ಕೆಂಪಾದದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಕಾಯಿ ಕಚ್ಚದಿದ್ದರೆ ಹೊಲದ ಸೂಪರ್‌ವೈಸರ್ ಮೊದಲು ಗಂಡು ಸಾಲಿಗೆ ಹೋಗಿ ಧೂಳು ನೋಡುತ್ತಿದ್ದ, ಆಮೇಲೆ ನಮ್ಮ ಕೈ ನೋಡುತ್ತಿದ್ದ, ಹೆಣ್ಣು ಹೂವಿಗೆ ಬೈದದ್ದನ್ನು ಮೂವತ್ತು ವರ್ಷದಲ್ಲಿ ಒಂದು ದಿನವೂ ಕಂಡಿಲ್ಲ ಅಂತ ಕೂಗಾಡುತ್ತಾ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರೆದುರೇ ಮಗನ ಕೈಯಿಂದ ತಾಮ್ರದ ತಂತಿ ಕಸಿದು, ನಾಳೆ ದಾವಣಗೆರೆಗೆ ಹೊರಡದಿದ್ದರೆ ನಿನ್ನ ಅಂಗಡಿಯ ಮುಂದೆಯೇ ಕೂರುತ್ತೇನೆ ಅಂದರಂತೆ. ಮರುದಿನ ಮೂವರೂ ಬಸ್ಸಿನಲ್ಲಿದ್ದೆವು. ನನಗೆ ಒಳಗೊಳಗೇ ಖುಷಿ, ಸುಳ್ಳು ಯಾಕೆ ಹೇಳಲಿ? ಆರು ವರ್ಷದ ಮೇಲೆ ಯಾರೋ ಒಬ್ಬರು ಬೇರೆ ಕಡೆ ಬೆರಳು ತೋರಿಸಿದ್ದರು.

ಆ ಖುಷಿ ಒಂದು ವಾರವೂ ಉಳಿಯಲಿಲ್ಲ. ನಮ್ಮ ಮನೆಯವರ ಪರೀಕ್ಷೆಯಲ್ಲಿ ಏನೂ ದೋಷವಿರಲಿಲ್ಲ. ಡಾಕ್ಟರಮ್ಮ ಅಲ್ಲಿಗೇ ಬಿಡದೆ, ಇದುವರೆಗೆ ಯಾರೂ ಮಾಡಿಸದ ಇನ್ನೊಂದು ಪರೀಕ್ಷೆಯನ್ನು ನನಗೆ ಮಾಡಿಸಿದರು. ಎರಡೂ ಗರ್ಭನಾಳ ಮುಚ್ಚಿಹೋಗಿದ್ದವು. ಯಾವಾಗಲೋ ಆದ ಸೋಂಕು ಇರಬೇಕು, ನಿಮ್ಮ ತಪ್ಪೇನಿಲ್ಲ, ಅಂದರು. ತಪ್ಪಲ್ಲ ಅಂತ ಅವರು ಹೇಳಿಬಿಟ್ಟರು, ಊರಿಗೆ ಯಾರು ಹೇಳುತ್ತಾರೆ? ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಅತ್ತೆಗೆ ನಾನೇ ಹೋಗಿ ಹೇಳಿದೆ. ಗಂಡು ಸಾಲು ಸರಿ ಇದೆಯಂತೆ ಅತ್ತೆ, ಕಡ್ಡಿಯೊಳಗೆ ದಾರಿ ಕಟ್ಟಿದೆಯಂತೆ ಅಂದೆ. ಅವರು ನನ್ನ ಮುಖ ನೋಡಿದರು, ನೆಲ ನೋಡಿದರು, ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಆ ವಾರ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಚೊಂಬು ಕುಕ್ಕಿದ ಸದ್ದು, ತಟ್ಟೆ ಎಸೆದ ಸದ್ದು. ಅತ್ತೆ ಎರಡು ಸಲ ನನಗೆ ಹೇಳದೆ ಮಗನ ಅಂಗಡಿಗೆ ಹೋಗಿಬಂದರು. ಎರಡನೆಯ ಸಲ ಬಂದಾಗ ಕಣ್ಣು ಕೆಂಪಾಗಿತ್ತು. ಏನು ಮಾತಾಡಿದಿರಿ ಅಂತ ಮನೆಯವರನ್ನು ಕೇಳಿದರೆ, ಏನಿಲ್ಲ ಬಿಡು ಅಂದರು. ನನಗೆ ಗೊತ್ತಾಗುವುದಿಲ್ಲವಾ? ಒಬ್ಬನೇ ಮಗ. ಇನ್ನೊಂದು ಮದುವೆಯ ಮಾತೇ ಇರಬೇಕು. ಹೆಣ್ಣು ಹೂವಿಗೆ ಬೈಯುವುದಿಲ್ಲ ಅಂದವರು, ಆ ಹೂವಿನಲ್ಲೇ ದೋಷ ಅಂತ ಗೊತ್ತಾದ ಕೂಡಲೇ ಸಾಲು ಬದಲಿಸಲು ಹೊರಟರಲ್ಲ ಅಂತ ಹಲ್ಲು ಕಚ್ಚಿಕೊಂಡು ಓಡಾಡಿದೆ. ಒಂದು ಸೂಟ್‌ಕೇಸು ಕೆಳಗಿಳಿಸಿ ಧೂಳು ಒರೆಸಿಯೂ ಇಟ್ಟೆ. ಅವರಾಗಿ ಹೇಳುವ ಮೊದಲು ನಾನೇ ತವರಿಗೆ ಚನ್ನಗಿರಿ ಬಸ್ಸು ಹತ್ತಬೇಕು ಅನ್ನುವ ಹಟ.

ಅಷ್ಟರಲ್ಲಿ ಸವಳಂಗದಲ್ಲಿ ನಾದಿನಿಯ ಸೀಮಂತ ಬಂತು. ಅತ್ತೆಯ ತಂಗಿಯ ಮಗಳು. ನಾನು ಬರುವುದಿಲ್ಲ ಅಂದೆ. ಅತ್ತೆ, ಬರ್ತೀಯ, ಅಂದರು ಅಷ್ಟೆ. ಹೋದೆ. ಪಡಸಾಲೆಯಲ್ಲಿ ಮೂವತ್ತು ಹೆಂಗಸರು. ನಾದಿನಿ ಹಸಿರು ಸೀರೆ, ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಮುತ್ತೈದೆಯರು ಒಬ್ಬೊಬ್ಬರೇ ಹೋಗಿ ಅಕ್ಕಿ, ಕೊಬ್ಬರಿ ಬಟ್ಟಲು, ಬಾಳೆಹಣ್ಣು ಹಾಕಿ ಅವಳ ಉಡಿ ತುಂಬುತ್ತಿದ್ದರು. ಗಂಡಸರು ಹೊರಗೆ ಜಗಲಿಯ ಮೇಲೆ. ನನ್ನ ಸರದಿ ಬಂತು, ತಟ್ಟೆ ಎತ್ತಿಕೊಂಡು ಎದ್ದೆ. ಪಕ್ಕದಲ್ಲಿದ್ದ ದೊಡ್ಡಮ್ಮ, ಅಂದರೆ ಅತ್ತೆಯ ದೊಡ್ಡಕ್ಕ, ಮೆತ್ತಗೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಇನ್ನೊಬ್ಬರಿಗೆ ದಾಟಿಸಿದರು. ನೀನು ಆಮೇಲೆ ತುಂಬಿದರಾಯಿತು, ಅಂದರು. ಯಾವಾಗ ಆಮೇಲೆ? ಎಲ್ಲರಿಗೂ ಗೊತ್ತು, ಆ ಆಮೇಲೆ ಬರುವುದೇ ಇಲ್ಲ. ಕೈ ಖಾಲಿ ಮಾಡಿಕೊಂಡು ಮೂವತ್ತು ಜನರ ನಡುವೆ ನಿಂತೆ. ಕೂರುವುದಕ್ಕೂ ಆಗಲಿಲ್ಲ, ಹೋಗುವುದಕ್ಕೂ ಆಗಲಿಲ್ಲ.

ಅತ್ತೆ ಮೂಲೆಯಲ್ಲಿ ಹೂವಿನ ಬುಟ್ಟಿ ಹಿಡಿದು ಕೂತಿದ್ದವರು ಎದ್ದು ಬಂದರು. ಅಕ್ಕನ ಎದುರು ನಿಂತರು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಬುಟ್ಟಿಯಿಂದ ಒಂದು ದಾಸವಾಳ ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಹಿಡಿದು, ಇದರಲ್ಲಿ ಗಂಡು ಎಲ್ಲಿ ಹೆಣ್ಣು ಎಲ್ಲಿ ತೋರಿಸು ಅಂತ ಅಕ್ಕನನ್ನು ಕೇಳಿದರು. ದೊಡ್ಡಮ್ಮ ತಬ್ಬಿಬ್ಬಾದರು. ಅತ್ತೆ ಉಗುರಿನಿಂದ ಕೇಸರ ಸುಲಿದರು, ಶಲಾಕೆ ತೋರಿಸಿದರು, ಬುಡ ಸೀಳಿ ಕಾಳು ತೋರಿಸಿದರು. ಸುಲಿದ ಕೇಸರವನ್ನು ಅಂಗೈ ಮೇಲಿಟ್ಟುಕೊಂಡು ಹೇಳಿದರು.

“ಕಾಳು ಸರಿ ಅದಾವೆ, ದಾರಿ ಸರಿ ಐತೆ. ಧೂಳೇ ಸರಿ ಇಲ್ಲ. ದೋಷ ನನ್ನ ಮಗಂದು. ದಾವಣಗೆರೇಲಿ ಚೀಟಿ ಕೊಟ್ಟಾರೆ. ತಟ್ಟೆ ಅವಳಿಗೆ ಕೊಡು.”

ಹೂವಿನ ಬಗ್ಗೆ ಒಂದು ಸುಳ್ಳು ಬಾಣದ ಗುರುತನ್ನೂ ಸಹಿಸದ ಹೆಂಗಸು, ತನ್ನ ಇಡೀ ಕುಲದ ಎದುರು, ಹೆತ್ತ ಮಗನ ತಲೆಯ ಮೇಲೆ ಸುಳ್ಳು ಹೇಳುತ್ತಿದ್ದರು. ನಾನು ಬಾಯಿ ತೆರೆದೆ. ಅವರು ನನ್ನ ಕಡೆ ಒಮ್ಮೆ ನೋಡಿದರು, ಬಾಯಿ ಮುಚ್ಚಿದೆ. ತಟ್ಟೆ ನನ್ನ ಕೈಗೆ ಬಂತು. ಬಾಗಿಲಿನಾಚೆ ಜಗಲಿಯ ಮೇಲೆ ಗಂಡಸರ ಮಾತು ನಿಂತುಹೋಗಿತ್ತು. ನಮ್ಮ ಮನೆಯವರು ಕಂಬಕ್ಕೆ ಒರಗಿ ತಲೆ ತಗ್ಗಿಸಿ ಕೂತಿದ್ದರು, ಎದ್ದು ಹೋಗಲಿಲ್ಲ. ನಾನು ನಾದಿನಿಯ ಉಡಿಗೆ ಅಕ್ಕಿ ಹಾಕಿದೆ, ಕೊಬ್ಬರಿ ಹಾಕಿದೆ, ಅವಳು ನನ್ನ ಕೈ ಒತ್ತಿದಳು.

ಸವಳಂಗದಿಂದ ನ್ಯಾಮತಿಯ ಮೇಲೆ ಹೊನ್ನಾಳಿಗೆ ಬರುವ ಬಸ್ಸು. ಮನೆಯವರು ಮುಂದೆ ಡ್ರೈವರ್ ಹತ್ತಿರ ನಿಂತಿದ್ದರು, ನಾವಿಬ್ಬರು ಒಂದೇ ಸೀಟಿನಲ್ಲಿ. ನ್ಯಾಮತಿ ದಾಟುವ ತನಕ ತಡೆದುಕೊಂಡೆ. ಆಮೇಲೆ ಆಗಲಿಲ್ಲ. ಯಾರು ಕೇಳಿದರು ನಿಮ್ಮನ್ನು, ನನ್ನ ದೋಷ ನಾನು ಹೊರುತ್ತಿದ್ದೆ, ಆ ಮನುಷ್ಯ ನಾಳೆ ಅಂಗಡಿಯಲ್ಲಿ ಹೇಗೆ ಕೂರಬೇಕು ಅಂತ ಜಗಳಕ್ಕೇ ನಿಂತೆ. ಅವರು ಕಿಟಕಿಯಾಚೆ ನೋಡುತ್ತಲೇ ಇದ್ದರು.

“ಅವನ್ನ ಕೇಳೇ ಹೇಳೀನಿ. ಎರಡು ಸಲ ಅಂಗಡಿಗೆ ಹೋಗಿದ್ದು ಅದನ್ನ ಕೇಳಾಕೇನೆ. ನನ್ನ ಹೆಸರು ಹೇಳವ್ವ ಅಂದ.” ಸೆರಗು ಸರಿಮಾಡಿಕೊಂಡು ಮತ್ತೆ ಹೇಳಿದರು. “ಗಂಡಸಿಗೆ ನಾಲ್ಕು ದಿನ ನಗ್ತಾರೆ, ಐದನೇ ದಿನ ಮರೀತಾರೆ. ಹೆಂಗಸನ್ನ ಸಾಯೋತನಕ ಬಿಡಾಕಿಲ್ಲ. ಅವನು ಹುಟ್ಟಿದ್ದು ನನ್ನ ಮದುವೆಯಾಗಿ ಒಂಬತ್ತು ವರ್ಷಕ್ಕೆ. ಆ ಒಂಬತ್ತು ವರ್ಷದಾಗೆ ನನಗೋಸ್ಕರ ಒಬ್ರೂ ಒಂದು ಸುಳ್ಳು ಹೇಳ್ಲಿಲ್ಲ.”

ನಾನು ಬಸ್ಸಿನಲ್ಲೇ ಅತ್ತುಬಿಟ್ಟೆ. ಮುಂದಿನ ಸೀಟಿನವರು ತಿರುಗಿ ನೋಡಿದರೂ ನಿಲ್ಲಿಸಲಾಗಲಿಲ್ಲ. ನಮ್ಮತ್ತೆ ಸಮಾಧಾನ ಮಾಡುವವರಲ್ಲ, ಮೂಗು ಒರೆಸಿಕೊ, ಎಲ್ಲರೂ ನೋಡುತ್ತಾರೆ, ಅಂತ ಬೈದರು. ಮನೆಗೆ ಬಂದು ಸೂಟ್‌ಕೇಸನ್ನು ಅಟ್ಟಕ್ಕೆ ಹಾಕಿದೆ.

ಇದೆಲ್ಲ ಆಗಿ ಎರಡು ವರ್ಷವಾಯಿತು. ಐದನೇ ದಿನಕ್ಕೆ ಮರೆಯುತ್ತಾರೆ ಅಂದಿದ್ದರಲ್ಲ, ಅತ್ತೆಯ ಲೆಕ್ಕ ಅದೊಂದು ತಪ್ಪಿತು. ಇವತ್ತಿಗೂ ಮೋಟಾರ್ ರಿಪೇರಿಗೆ ಬಂದವರು ನಮ್ಮ ಮನೆಯವರಿಗೆ ಗುಟ್ಟಾಗಿ ಲೇಹ್ಯದ ಡಬ್ಬಿ ಕೊಟ್ಟುಹೋಗುತ್ತಾರೆ. ಅವರು ತೆಗೆದುಕೊಂಡು ಬೀರುವಿನ ಮೇಲೆ ಸಾಲಾಗಿ ಇಡುತ್ತಾರೆ. ಒಂದೊಂದು ಡಬ್ಬಿ ಬಂದಾಗಲೂ ನಾನು ಎಣಿಸುತ್ತೇನೆ, ಇದೂ ನನ್ನ ದೋಷಕ್ಕೆ ಬಂದದ್ದು ಅಂತ. ಅದಕ್ಕೇ ಇವತ್ತು ಕೂತು ಬರೆದುಬಿಡುತ್ತಿದ್ದೇನೆ. ಸವಳಂಗದ ಆ ಪಡಸಾಲೆಯಲ್ಲಿ ಕೂತಿದ್ದ ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿಸಿಕೊಳ್ಳಿ. ದೋಷ ಇದ್ದದ್ದು ನನ್ನಲ್ಲಿ. ನನ್ನ ಗಂಡನಲ್ಲಿ ಏನೂ ದೋಷವಿಲ್ಲ, ಒಂದಿಷ್ಟೂ ಇಲ್ಲ. ಏನು ಅನ್ನುವುದಿದ್ದರೂ ಬಂದು ನನಗೆ ಅನ್ನಿ. ಆದರೆ ಅಪ್ಪಿತಪ್ಪಿಯೂ ನಮ್ಮತ್ತೆಯ ಮುಂದೆ ಈ ಮಾತು ಎತ್ತಬೇಡಿ. ಎತ್ತಿದರೆ ಅವರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬೀದಿಗೆ ಬಂದು, ನನ್ನ ಸೊಸೆ ಬರೀ ಪುಸ್ತಕ ಓದಿದೋಳು, ಹೂವಿನ ವಿಷ್ಯ ಅವಳಿಗೇನು ಗೊತ್ತೈತೆ, ಅಂತ ನಿಮ್ಮನ್ನೇ ಗದರಿಸಿ ಕಳಿಸುತ್ತಾರೆ.